ಗೋಧಿಯೆಂಬ ಅಪಥ್ಯ: ಸೀಲಿಯಾಕ್ ರೋಗದ ಆಹಾರಕ್ರಮದ ಇತಿಹಾಸವನ್ನು ಕುರಿತು ಒಂದು ವಿಚಾರ

ವೈದ್ಯಶಾಸ್ತ್ರದ ಇತಿಹಾಸವನ್ನು ಕುರಿತ ಬರಹಗಳಲ್ಲಿ ಪದೇ ಪದೇ ಕಾಣಿಸಿಕೊಳ್ಳುವ ಒಂದು ವೃತ್ತಾಂತವುಂಟು. ಎರಡನೆಯ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ, ಎಂದರೆ 1944-45ರಲ್ಲಿ, ಜರ್ಮನರ ವಶದಲ್ಲಿದ್ದ ಪಶ್ಚಿಮ ಹಾಲೆಂಡಿನಲ್ಲಿ ಭೀಕರ ಕ್ಷಾಮವು ತಲೆದೋರಿತು. ಬ್ರೆಡ್ಡು ಮಾಯವಾಗಿ, ಜನರು ಟ್ಯೂಲಿಪ್ ಹೂವಿನ ಗಡ್ಡೆಗಳನ್ನು ಬೇಯಿಸಿ ತಿಂದರು. ಊರಿಗೆ ಊರೇ ಬಡಕಲಾಗುತ್ತಿದ್ದ ಆ ದಿನಗಳಲ್ಲಿ ಹೇಗ್ ನಗರದ ಮಕ್ಕಳ ಆಸ್ಪತ್ರೆಯಲ್ಲಿದ್ದ ಕೆಲವು ದೀರ್ಘರೋಗಿಗಳು ಮಾತ್ರ ಚೇತರಿಸಿಕೊಂಡರು. ಮುಂದೆ ವಿಮಾನಗಳಿಂದ ಬ್ರೆಡ್ಡು ಬಂದಿಳಿದಾಗ ಆ ಮಕ್ಕಳು ಮತ್ತೆ ಹಾಸಿಗೆ ಹಿಡಿದರು. ಇದನ್ನು ಕಂಡ ವಿಲ್ಲೆಮ್ ಕಾರೆಲ್ ಡಿಕ್ಕೆ ಎಂಬ ವೈದ್ಯನಿಗೆ ರೋಗದ ಮೂಲವು ಗೋಧಿಯೆಂದು ಹೊಳೆಯಿತು. ವೃತ್ತಾಂತವು ಸೊಗಸಾಗಿದೆ, ಪಾಠ ಹೇಳುವವರಿಗೆ ಅನುಕೂಲವಾಗಿಯೂ ಇದೆ. ಇದು ಆಧಾರಗಳಿಗೆ ಎಷ್ಟರಮಟ್ಟಿಗೆ ಒಪ್ಪುತ್ತದೆಯೆಂಬುದನ್ನು ಪರಿಶೀಲಿಸುವುದೂ, ಒಂದು ಧಾನ್ಯದ ಮೇಲೆ ಸಂಶಯ ಹುಟ್ಟುವುದಕ್ಕೆ ಅಷ್ಟು ಕಾಲ ಏಕೆ ಬೇಕಾಯಿತೆಂಬುದನ್ನು ವಿಚಾರಿಸುವುದೂ ಈ ಲೇಖನದ ಉದ್ದೇಶ.

ಮೊದಲು ರೋಗದ ಸ್ವರೂಪವನ್ನು ಸಂಕ್ಷೇಪವಾಗಿ ತಿಳಿಯುವುದು ಅವಶ್ಯಕ. ಗೋಧಿ, ಬಾರ್ಲಿ, ರೈ ಈ ಮೂರು ಧಾನ್ಯಗಳಲ್ಲಿ ಗ್ಲೂಟೆನ್ ಎಂದು ಕರೆಯುವ ಸಸಾರಜನಕ ಪದಾರ್ಥವಿದೆ. ಗೋಧಿಹಿಟ್ಟನ್ನು ನಾದಿದಾಗ ಕೈಗೆ ಹತ್ತುವ ಜಿಗುಟು ಇದರದೇ. ಹೋಳಿಗೆಯ ಕಣಕವು ಹರಿಯದೆ ಹಿಗ್ಗುವುದೂ ಇದರಿಂದಲೇ. ಹುಟ್ಟಿನಿಂದ ಬಂದ ಒಂದು ದೇಹಗುಣವುಳ್ಳ ಕೆಲವರಲ್ಲಿ ಈ ಪದಾರ್ಥವು ಸಣ್ಣ ಕರುಳನ್ನು ಮುಟ್ಟಿದೊಡನೆ ದೇಹದ ರಕ್ಷಣಾಶಕ್ತಿಯು ಕೆರಳಿ ತನ್ನ ಕರುಳನ್ನೇ ಘಾಸಿಮಾಡುತ್ತದೆ. ಅನ್ನರಸವನ್ನು ಹೀರುವ, ಬೆರಳಿನಾಕಾರದ ಅತಿ ಸೂಕ್ಷ್ಮವಾದ ಚಾಚುಗಳು ಸವೆದು ಚಪ್ಪಟೆಯಾಗುತ್ತವೆ. ಆಗ ಉಂಡದ್ದು ಮೈಗೆ ಹತ್ತುವುದಿಲ್ಲ. ಮಗುವಿಗೆ ಹೊಟ್ಟೆ ಉಬ್ಬುತ್ತದೆ, ಕೈಕಾಲು ಬಡಕಲಾಗುತ್ತವೆ, ಭೇದಿಯು ನಿಲ್ಲುವುದಿಲ್ಲ, ಬೆಳವಣಿಗೆಯು ಕುಂಠಿತವಾಗುತ್ತದೆ. ವಯಸ್ಕರಲ್ಲಿ ರಕ್ತಹೀನತೆಯೊಂದೇ ಕಾಣಬಹುದು. ಇಂದಿಗೂ ಇದಕ್ಕೆ ಸಿದ್ಧವಾದ ಚಿಕಿತ್ಸೆಯೆಂದರೆ ಆ ಧಾನ್ಯಗಳನ್ನು ಜೀವಮಾನಪರ್ಯಂತ ವರ್ಜಿಸುವುದು.

ಈ ರೋಗದ ಹೆಸರು ಗ್ರೀಕ್ ಮೂಲದ್ದು. ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿದ್ದ ಕಪಡೋಶಿಯದ ಅರಿಟೀಯಸ್ ಎಂಬ ವೈದ್ಯನು, ಉಂಡದ್ದು ಜೀರ್ಣವಾಗದೆ ಹಾಗೆಯೇ ಹೊರಬೀಳುವ ಒಂದು ದೀರ್ಘವ್ಯಾಧಿಯನ್ನು ವರ್ಣಿಸಿ, ಹೊಟ್ಟೆಗೆ ಗ್ರೀಕರು ಹೇಳುವ ‘ಕೊಯಿಲಿಯಾ’ ಎಂಬ ಶಬ್ದದಿಂದ ಅದನ್ನು ಹೆಸರಿಸಿದನು. ಆತನ ಕೃತಿಗಳನ್ನು ಫ್ರಾನ್ಸಿಸ್ ಆಡಮ್ಸ್ ಎಂಬುವನು ಇಂಗ್ಲಿಷಿಗೆ ತಂದದ್ದು 1856ರಲ್ಲಿ. ಅನಂತರ ಮೂರು ದಶಕಗಳಿಗೆ ತುಸು ಮಿಕ್ಕ ಕಾಲದ ಮೇಲೆ, 1887ರ ಅಕ್ಟೋಬರಿನಲ್ಲಿ, ಸಾಮ್ಯುಯೆಲ್ ಗೀ ಎಂಬ ಆಂಗ್ಲ ವೈದ್ಯನು ಲಂಡನ್ನಿನ ಗ್ರೇಟ್ ಆರ್ಮಂಡ್ ಬೀದಿಯ ಮಕ್ಕಳ ಆಸ್ಪತ್ರೆಯಲ್ಲಿ ಇದೇ ಹೆಸರಿನಲ್ಲಿ ಉಪನ್ಯಾಸವನ್ನು ಕೊಟ್ಟನು; ಅದು ಮರುವರ್ಷ ಅಚ್ಚಾಯಿತು. ಆಧುನಿಕ ವೈದ್ಯಕ್ಕೆ ಈ ರೋಗದ ಸ್ಪಷ್ಟ ಪರಿಚಯವು ಅಲ್ಲಿಂದ ಪ್ರಾರಂಭವಾಗುತ್ತದೆ.

ಗೀ ಮಹಾಶಯನು ರೋಗಿಯು ಗುಣವಾಗುವುದಾದರೆ ಆಹಾರದಿಂದಲೇ ಗುಣವಾಗಬೇಕೆಂದು ಖಚಿತವಾಗಿ ಹೇಳಿದನು. ಇದು ಸರಿಯಾದ ದಿಕ್ಕು. ಆದರೆ ಆತನು ವಿಧಿಸಿದ ಪಥ್ಯವನ್ನು ಓದಿದರೆ ನಮ್ಮ ಕಡೆಯವರು ಬೆರಗಾಗುತ್ತಾರೆ. ಅಕ್ಕಿ, ಸಬ್ಬಕ್ಕಿ, ಮೆಕ್ಕೆಜೋಳದ ಹಿಟ್ಟು ಇವು ಅಪಥ್ಯ. ತೆಳ್ಳಗೆ ಕೊಯ್ದು ಎರಡು ಮಗ್ಗುಲೂ ಚೆನ್ನಾಗಿ ಸುಟ್ಟ ಬ್ರೆಡ್ಡು ಸಲ್ಲುತ್ತದೆ! ನಿರಪರಾಧಿಗಳನ್ನೆಲ್ಲ ಹೊರಗಟ್ಟಿ ಅಪರಾಧಿಯನ್ನು ಪಂಕ್ತಿಯಲ್ಲಿ ಕೂರಿಸಿದಂತಾಯಿತು. ಅದೇ ಉಪನ್ಯಾಸದಲ್ಲಿ ಮತ್ತೊಂದು ಪ್ರಸಂಗವಿದೆ. ಹಾಲೆಂಡಿನಿಂದ ಬರುತ್ತಿದ್ದ ಮಸ್ಸೆಲ್ ಎಂಬ ಕಡಲ ಚಿಪ್ಪುಜೀವಿಯ ಮಾಂಸವನ್ನು ದಿನವೂ ಧಾರಾಳವಾಗಿ ತಿಂದ ಮಗುವೊಂದು ಅದ್ಭುತವಾಗಿ ಚೇತರಿಸಿಕೊಂಡಿತು. ಆ ಮಾಂಸದ ಋತು ಮುಗಿದೊಡನೆ ರೋಗವು ಮರುಕಳಿಸಿತು. ಮುಂದಿನ ಋತುವಿನಲ್ಲಿ ಆ ಮಗುವು ಅದನ್ನು ಬಾಯಿಗೆ ಸೇರಿಸಲೇ ಇಲ್ಲ. ಹೊಟ್ಟೆ ತುಂಬ ಮಾಂಸವನ್ನೇ ತಿಂದ ಮಗುವು ಏನನ್ನು ತಿನ್ನದೆ ಬಿಟ್ಟಿತೆಂಬ ಪ್ರಶ್ನೆಯು ಯಾರಿಗೂ ಏಳಲಿಲ್ಲ. ಔಷಧವನ್ನು ತಿಂದದ್ದರಲ್ಲಿ ಹುಡುಕುವುದು ವೈದ್ಯರ ಸ್ವಭಾವ. ಬಿಟ್ಟದ್ದರಲ್ಲಿ ಹುಡುಕುವವರು ವಿರಳ.

ಇದಕ್ಕೂ ಬಹು ಮುಂಚೆ, 1814ರಲ್ಲಿ, ಮ್ಯಾಥ್ಯೂ ಬೇಲಿ ಎಂಬ ವೈದ್ಯನು ದೀರ್ಘಕಾಲದ ಭೇದಿಯಿಂದ ನರಳುವ ಕೆಲವರು ಬಹುಮಟ್ಟಿಗೆ ಅನ್ನವನ್ನೇ ಉಂಡು ಸುಧಾರಿಸಿದುದನ್ನು ಬರೆದಿಟ್ಟಿದ್ದನು. ಆ ಮಾತು ಯಾರ ಕಿವಿಗೂ ಬೀಳಲಿಲ್ಲ. ಇದಕ್ಕೆ ಕಾರಣವನ್ನು ವಿಜ್ಞಾನದ ಒಳಗೆ ಮಾತ್ರ ಹುಡುಕಿದರೆ ಸಾಲದೆಂದು ನಮಗೆ ತೋರುತ್ತದೆ. ಯೂರೋಪಿನವರಿಗೆ ಬ್ರೆಡ್ಡು ಹಲವು ತಿನಿಸುಗಳಲ್ಲಿ ಒಂದಲ್ಲ, ಅದೇ ಆಹಾರ. ಕ್ರೈಸ್ತರ ನಿತ್ಯಪ್ರಾರ್ಥನೆಯಲ್ಲಿ ದೇವರನ್ನು ಬೇಡುವುದು ಬ್ರೆಡ್ಡನ್ನೇ. ಆ ಪ್ರಾರ್ಥನೆಯನ್ನು ಕನ್ನಡಕ್ಕೆ ತಂದವರು ಆ ಸ್ಥಾನದಲ್ಲಿ ‘ಆಹಾರ’ವೆಂಬ ಶಬ್ದವನ್ನಿಟ್ಟುದು ಔಚಿತ್ಯಪೂರ್ಣವಾಗಿದೆ. ನಮ್ಮಲ್ಲಿ ‘ಅನ್ನ’ವೆಂದರೆ ಬೆಂದ ಅಕ್ಕಿಯೂ ಹೌದು, ಆಹಾರಮಾತ್ರವೂ ಹೌದು, ಜ್ವರ ಬಿದ್ದವರಿಗೆ ಮೊದಲು ಕೊಡುವುದು ಗಂಜಿ. ಅನ್ನದ ಮೇಲೆ ಸಂಶಯಪಡುವುದು ನಮಗೆಷ್ಟು ಕಷ್ಟವೋ ಬ್ರೆಡ್ಡಿನ ಮೇಲೆ ಸಂಶಯಪಡುವುದು ಅವರಿಗೆ ಅಷ್ಟೇ ಕಷ್ಟವಾಗಿತ್ತು. ಆದುದರಿಂದ ಹಾಲನ್ನು ದೂರಿದರು, ಕೊಬ್ಬನ್ನು ದೂರಿದರು, ಪಿಷ್ಟವನ್ನು ಒಟ್ಟಾಗಿ ದೂರಿದರು. ಕ್ರಿಶ್ಚಿಯನ್ ಹರ್ಟರ್ ಎಂಬ ಅಮೆರಿಕದ ವೈದ್ಯನು 1908ರಲ್ಲಿ ಕರುಳಿನ ಸೂಕ್ಷ್ಮಜೀವಿಗಳನ್ನು ದೂರಿದನು.

ಅಮೆರಿಕದಲ್ಲಿಯೇ ಒಂದು ಪ್ರಯೋಗವು ಸತ್ಯದ ಹೊಸ್ತಿಲವರೆಗೂ ಬಂದು ನಿಂತಿತು. ನ್ಯೂಯಾರ್ಕಿನ ಸಿಡ್ನಿ ಹಾಸ್ ಎಂಬ ಮಕ್ಕಳ ವೈದ್ಯನು 1924ರಲ್ಲಿ ಬಾಳೆಹಣ್ಣಿನ ಪಥ್ಯವನ್ನು ಪ್ರಕಟಿಸಿದನು. ಈ ಪಥ್ಯದಲ್ಲಿ ಬ್ರೆಡ್ಡು, ಬಿಸ್ಕತ್ತು, ಆಲೂಗಡ್ಡೆ, ಎಲ್ಲ ಧಾನ್ಯಗಳೂ ನಿಷಿದ್ಧ. ಆತನು ವರದಿಮಾಡಿದ ಹತ್ತು ಮಕ್ಕಳಲ್ಲಿ ಈ ಪಥ್ಯವನ್ನು ಪಡೆದ ಎಂಟು ಮಂದಿ ಉಳಿದರು. ಪಡೆಯದ ಇಬ್ಬರು ಸತ್ತರು. ಅದುವರೆಗೆ ಕೈಚೆಲ್ಲಿ ಕುಳಿತಿದ್ದ ತಾಯಿತಂದೆಗಳಿಗೆ ಇದು ಸಂಜೀವಿನಿಯೇ ಆಯಿತು. ಮುಂದೆ ಹಲವು ವರ್ಷಗಳ ಕಾಲ ಈ ಪಥ್ಯದಿಂದ ಅನೇಕ ಮಕ್ಕಳು ಬದುಕಿಕೊಂಡರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹಾಸ್ ಗುಣವನ್ನು ಬಾಳೆಹಣ್ಣಿಗೆ ಆರೋಪಿಸಿದನು, ರೋಗವು ಪೂರ್ತಿಯಾಗಿ ವಾಸಿಯಾಗುತ್ತದೆಂದೂ ನಂಬಿದನು. ಚೇತರಿಸಿಕೊಂಡ ಮಕ್ಕಳು ಮರಳಿ ಬ್ರೆಡ್ಡಿಗೆ ಹೋದರು. ಅವರ ಕರುಳು ಒಳಗೊಳಗೆ ಮತ್ತೆ ಸವೆಯುವಂತಾಯಿತು. ಆಕಸ್ಮಿಕವಾಗಿ ಫಲಿಸಿದ ಉಪಾಯವು ಕಾರಣದ ಅನ್ವೇಷಣೆಗೆ ಅಡ್ಡಿಯಾಗುವುದು ಶಾಸ್ತ್ರಗಳ ಚರಿತ್ರೆಯಲ್ಲಿ ಅಪೂರ್ವವೇನಲ್ಲ.

ಇನ್ನು ಹಾಲೆಂಡಿನ ವೃತ್ತಾಂತಕ್ಕೆ ಬರೋಣ. ಡಿಕ್ಕೆ ಹುಟ್ಟಿದುದು 1905ರಲ್ಲಿ, ಡೋರ್ಡ್ರೆಕ್ಟ್ ಪಟ್ಟಣದಲ್ಲಿ. 1936ರಲ್ಲಿ ಹೇಗ್ ನಗರದ ಯೂಲಿಯಾನಾ ಮಕ್ಕಳ ಆಸ್ಪತ್ರೆಯ ಮುಖ್ಯಸ್ಥನಾದಾಗ ಆತನಿಗೆ ವಯಸ್ಸು ಮೂವತ್ತೊಂದು. ಆತನ ಪತ್ನಿಯಾಗಿದ್ದವರು ಬಹುಕಾಲದ ಮೇಲೆ ಹೇಳಿದಂತೆ, ಗೋಧಿಯಿಲ್ಲದ ಪಥ್ಯವನ್ನು ಆತನು ಪರೀಕ್ಷಿಸತೊಡಗಿದುದು 1934-36ರ ವೇಳೆಗೆ. ತನ್ನ ಮಗುವಿಗೆ ಬ್ರೆಡ್ಡನ್ನು ನಿಲ್ಲಿಸಿದಾಗ ಮೈಮೇಲಿನ ಗಂದೆಗಳು ಬೇಗನೆ ಇಳಿಯುತ್ತವೆಯೆಂದು ತರುಣಿಯಾದ ತಾಯಿಯೊಬ್ಬಳು ತಿಳಿಸಿದುದೇ ಆತನ ಸಂಶಯಕ್ಕೆ ಬೀಜವಾಯಿತೆಂಬ ಮಾತೂ ಆತನ ಚರಿತ್ರೆಯನ್ನು ಬರೆದವರಲ್ಲಿದೆ. ಇವೆರಡೂ ನೆನಪಿನ ಸಾಕ್ಷ್ಯಗಳು. ಇವುಗಳಿಗೆ ಬರೆಹದ ಸಾಕ್ಷ್ಯದ ತೂಕವನ್ನು ಕೊಡಲಾಗದು.

ಆದರೆ ಬರೆಹದ ಸಾಕ್ಷ್ಯವೂ ಉಂಟು. 1941ರಲ್ಲಿ ಡಚ್ ವೈದ್ಯಪತ್ರಿಕೆಯಲ್ಲಿ ಡಿಕ್ಕೆ ಒಂದು ಚಿಕ್ಕ ಲೇಖನವನ್ನು ಪ್ರಕಟಿಸಿದನು. ಪಡಿತರದ ಈ ದಿನಗಳಲ್ಲಿಯೂ ಒದಗಿಸಬಹುದಾದ ಸರಳ ಪಥ್ಯವೊಂದನ್ನು ಅಲ್ಲಿ ಹೇಳಿದೆ. ಬ್ರೆಡ್ಡಾಗಲಿ ರಸ್ಕಾಗಲಿ ಕೂಡದು. ದಿನಕ್ಕೆರಡು ಬಿಸಿಯೂಟ ಆಗಬಹುದು. ಮೂರನೆಯ ಹೊತ್ತಿಗೆ ಗೋಧಿಹಿಟ್ಟು ಬೆರೆಯದ ಗಂಜಿ ಸಾಕು. ಈ ಲೇಖನದ ಕಾಲವನ್ನು ಗಮನಿಸಬೇಕು. ಜರ್ಮನರು ಹಾಲೆಂಡನ್ನು ಆಕ್ರಮಿಸಿದುದು 1940ರ ಮೇ ತಿಂಗಳಲ್ಲಿ. ಸಮುದ್ರಮಾರ್ಗಗಳು ಮುಚ್ಚಿದ ಮೇಲೆ ಬಾಳೆಹಣ್ಣು ಕನಸಿನ ಮಾತಾಯಿತು. ವೈದ್ಯನು ಸುಲಭವಾದ ಬೇರೊಂದು ಪಥ್ಯವನ್ನು ಹೇಳಲೇಬೇಕಾಗಿತ್ತು. ಕ್ಷಾಮದ ಚಳಿಗಾಲವಾದರೋ ಇನ್ನೂ ಮೂರು ವರ್ಷ ದೂರವಿತ್ತು.

ಆ ಚಳಿಗಾಲದ ಘೋರತೆಯನ್ನು ನಾವು ಕಡಿಮೆಮಾಡಿ ಹೇಳುತ್ತಿಲ್ಲ. 1944ರ ಸೆಪ್ಟೆಂಬರಿನಲ್ಲಿ ಮಿತ್ರಸೈನ್ಯಗಳಿಗೆ ನೆರವಾಗಲೆಂದು ಡಚ್ಚರು ರೈಲ್ವೆ ಮುಷ್ಕರ ಹೂಡಿದರು. ಪ್ರತೀಕಾರವಾಗಿ ಜರ್ಮನರು ಪಶ್ಚಿಮದ ನಗರಗಳಿಗೆ ಆಹಾರಸಾಗಣೆಯನ್ನು ತಡೆದರು. ನವೆಂಬರಿನ ಕೊನೆಗೆ ವಯಸ್ಕರ ಪಡಿತರವು ದಿನಕ್ಕೆ 1,000 ಕ್ಯಾಲೊರಿಗಿಂತ ಕೆಳಗಿಳಿಯಿತು. ಮುಂದೆ ಇನ್ನೂ ಕುಸಿಯಿತು. ಸುಮಾರು 20,000 ಜನರು ಮಡಿದರೆಂದು ಅಂದಾಜು. ಆದರೆ ವೃತ್ತಾಂತದ ಎರಡು ಅಂಶಗಳು ತಿದ್ದುಪಡಿಯನ್ನು ಬೇಡುತ್ತವೆ. ಮೊದಲನೆಯದಾಗಿ, ಬ್ರೆಡ್ಡು ಪೂರ್ಣವಾಗಿ ಇಲ್ಲವಾಗಲಿಲ್ಲ. ಕುಗ್ಗಿದ ಪಡಿತರದಲ್ಲಿಯೂ ಆಲೂಗಡ್ಡೆಯೊಡನೆ ಅದು ಅಲ್ಪಸ್ವಲ್ಪ ಇದ್ದೇ ಇತ್ತು. ಎರಡನೆಯದಾಗಿ, ಜನರ ನೆನಪಿನಲ್ಲಿ ನಿಂತಿರುವ ಬಿಳಿಯ ಬ್ರೆಡ್ಡು ಮೊದಲು ಬಂದುದು ಆಕಾಶದಿಂದಲ್ಲ. 1945ರ ಜನವರಿಯ ಕೊನೆಯಲ್ಲಿ ಸ್ವೀಡನ್ನಿನಿಂದ ಹಡಗುಗಳಲ್ಲಿ ಬಂದ ಹಿಟ್ಟಿನಿಂದ ಮಾಡಿದ ಬ್ರೆಡ್ಡು ಅದು. ಬ್ರಿಟಿಷ್ ಮತ್ತು ಅಮೆರಿಕನ್ ವಿಮಾನಗಳು ಆಹಾರವನ್ನು ಕೆಡವಿದುದು ಏಪ್ರಿಲ್ 29ರಿಂದ ಮುಂದೆ, ಬಿಡುಗಡೆಯ ಹೊತ್ತಿನಲ್ಲಿ. ಎರಡು ಬೇರೆ ಘಟನೆಗಳನ್ನು ಜನರ ನೆನಪು ಒಂದಾಗಿ ಹೆಣೆದಿದೆ.

ಹಾಗಾದರೆ ಕ್ಷಾಮಕ್ಕೂ ಸಂಶೋಧನೆಗೂ ಸಂಬಂಧವೇ ಇಲ್ಲವೆನ್ನಬೇಕೆ? ಹಾಗೆನ್ನುವುದೂ ಅತಿಯಾದೀತು. ಕ್ಷಾಮದಲ್ಲಿ ಮಕ್ಕಳು ಸುಧಾರಿಸಿದುದು, ಬ್ರೆಡ್ಡು ಮರಳಿದಾಗ ಕೆಟ್ಟುದು, ಮೊದಲೇ ಇದ್ದ ಸಂಶಯವನ್ನು ನಂಬಿಕೆಯಾಗಿ ಬಲಿಸಿರಬಹುದು. ಕ್ಷಾಮವು ಸಾಕ್ಷಿಯಾಗಿ ಬಂದು ನಿಂತಿತು. ದೂರನ್ನು ಕೊಟ್ಟವರು ಅದಕ್ಕೆ ಮೊದಲೇ ಇದ್ದರು. ಆ ತಾಯಿಯ ಮಾತು ನಿಜವಾಗಿದ್ದ ಪಕ್ಷದಲ್ಲಿ, ಮೊದಲ ದೂರು ಅಡುಗೆಮನೆಯಿಂದ ಬಂದಿತೆಂದು ಹೇಳಬೇಕಾಗುತ್ತದೆ. ಆಕೆಯ ಹೆಸರು ಯಾವ ಗ್ರಂಥದಲ್ಲಿಯೂ ಪ್ರಸಿದ್ಧವಾಗದೆ, ಟ್ಯೂಲಿಪ್ ಗಡ್ಡೆಗಳಿಗೆ ಕೀರ್ತಿ ಸಂದುದು ವಿಷಾದಕರ.

ಸಂಶಯವು ಸಿದ್ಧಾಂತವಾದುದು ಯುದ್ಧಾನಂತರದ ತಾಳ್ಮೆಯ ಕೆಲಸದಿಂದ. ಮಲದಲ್ಲಿ ಉಳಿದುಹೋಗುವ ಕೊಬ್ಬನ್ನು ನಿಖರವಾಗಿ ಅಳೆಯುವ ವಿಧಾನವೊಂದನ್ನು ವಾನ್ ಡೆ ಕಾಮರ್ ಎಂಬ ರಸಾಯನಜ್ಞನೂ ಅವನ ಜೊತೆಗಾರರೂ 1949ರಲ್ಲಿ ಪ್ರಕಟಿಸಿದರು. ಕೊಬ್ಬು ಹೆಚ್ಚಾಗಿ ಹೊರಬಿದ್ದರೆ ಕರುಳು ಹೀರುತ್ತಿಲ್ಲವೆಂದರ್ಥ. ಈ ಅಳತೆಗೋಲನ್ನು ಹಿಡಿದು, ಮಕ್ಕಳ ಆಹಾರದಲ್ಲಿ ಒಮ್ಮೆ ಗೋಧಿಯನ್ನು ಸೇರಿಸಿ, ಒಮ್ಮೆ ತೆಗೆದು, ಡಿಕ್ಕೆಯೂ ಆತನ ಸಂಗಡಿಗರೂ ಪರೀಕ್ಷೆಗಳನ್ನು ನಡೆಸಿದರು. 1950ರಲ್ಲಿ ಡಿಕ್ಕೆ ಉಟ್ರೆಕ್ಟ್ ವಿಶ್ವವಿದ್ಯಾನಿಲಯಕ್ಕೆ ತನ್ನ ಪ್ರಬಂಧವನ್ನು ಒಪ್ಪಿಸಿದನು. ಗೋಧಿ ಮತ್ತು ರೈ ಕೆಡಕುಮಾಡುತ್ತವೆ. ಅಕ್ಕಿ, ಮೆಕ್ಕೆಜೋಳಗಳು ಮಾಡವು. ಗೋಧಿಯಲ್ಲಿಯೂ ಪಿಷ್ಟದ ಭಾಗವು ನಿರ್ದೋಷಿ. ಗೀ ಕೊಟ್ಟ ತೀರ್ಪು ಅರವತ್ತಕ್ಕೂ ಮಿಕ್ಕ ವರ್ಷಗಳ ಮೇಲೆ ಹೀಗೆ ತಲೆಕೆಳಗಾಯಿತು. 1952ರಲ್ಲಿ ಬರ್ಮಿಂಗ್‌ಹ್ಯಾಮಿನ ಷಾರ್ಲೆಟ್ ಆಂಡರ್ಸನ್ ಮತ್ತು ಸಂಗಡಿಗರು ದೋಷವು ಗ್ಲೂಟೆನಿನದೆಂದು ಸ್ವತಂತ್ರವಾಗಿ ಸ್ಥಿರಪಡಿಸಿದರು. 1954ರಲ್ಲಿ ಪಾಲಿ ಎಂಬ ವೈದ್ಯನು ಶಸ್ತ್ರಕ್ರಿಯೆಯ ಕಾಲದಲ್ಲಿ ತೆಗೆದ ಕರುಳಿನ ಚೂರುಗಳಲ್ಲಿ ಸವಕಳಿಯನ್ನು ಗುರುತಿಸಿದನು. 1956ರಲ್ಲಿ ಮಾರ್ಗಾಟ್ ಷೈನರ್ ಎಂಬಾಕೆ ಬಾಯಿಯ ಮೂಲಕ ನಳಿಕೆಯನ್ನಿಳಿಸಿ ಕರುಳಿನ ಚೂರನ್ನು ತೆಗೆಯುವ ವಿಧಾನವನ್ನು ತೋರಿಸಿದಳು. ಮಕ್ಕಳ ಈ ರೋಗವೂ ವಯಸ್ಕರಲ್ಲಿ ಬೇರೆ ಹೆಸರಿನಿಂದ ಕರೆಯುತ್ತಿದ್ದ ವ್ಯಾಧಿಯೂ ಒಂದೇ ಎಂಬುದು 1960ರಲ್ಲಿ ಸ್ಪಷ್ಟವಾಯಿತು. ಡಿಕ್ಕೆ 1962ರಲ್ಲಿ ತೀರಿಕೊಂಡನು. ರಕ್ತಪರೀಕ್ಷೆಯಿಂದಲೇ ರೋಗವನ್ನು ಶಂಕಿಸುವ ಇಂದಿನ ಕ್ರಮಕ್ಕೆ ಆಧಾರವಾದ ಶೋಧವು ಬರ್ಲಿನ್ನಿನಿಂದ ಬಂದುದು 1997ರಲ್ಲಿ.

ಕಾರಣವು ತಿಳಿದ ಮೇಲೆ ಆಸ್ಪತ್ರೆಯ ಪಾಲಿನ ಕೆಲಸವು ಬಹುಮಟ್ಟಿಗೆ ಮುಗಿಯಿತು; ಮನೆಯ ಪಾಲಿನದು ಪ್ರಾರಂಭವಾಯಿತು. ಇತಿಹಾಸಕಾರರು ಈ ಭಾಗವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಒಂದು ಮನೆಯಲ್ಲಿ ಒಬ್ಬರಿಗೆ ಗೋಧಿ ವಿಷವಾದರೆ ಇಡೀ ಮನೆಯ ಕಟ್ಟಳೆ ಬದಲಾಗುತ್ತದೆ. ಹಿಟ್ಟಿನ ಡಬ್ಬಿ, ಲಟ್ಟಣಿಗೆ, ಮೊಗಚೆಕೈ, ಜರಡಿ ಇವೆಲ್ಲ ಬೇರೆಯಾಗಬೇಕು. ರೋಗವು ವಂಶವನ್ನೂ ಹಿಡಿದು ಬರುವಂಥದು. ರೋಗಿಯ ಒಡಹುಟ್ಟಿದವರು, ಹೆತ್ತವರು, ಮಕ್ಕಳು ಇವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಇದು ಇರುವ ಸಂಭವವುಂಟು. ಬ್ರಿಟನ್ನಿನಲ್ಲಿ 1968ರಲ್ಲಿ ಸೀಲಿಯಾಕ್ ರೋಗಿಗಳ ಸಂಘವೊಂದು ಹುಟ್ಟಿತು. ಅದರ ಸ್ಥಾಪಕರಲ್ಲಿ ಪೀಟರ್ ಬೆನೆನ್ಸನ್ ಒಬ್ಬನು. ಅದಕ್ಕೆ ಏಳು ವರ್ಷ ಮುಂಚೆ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಸಂಸ್ಥೆಯನ್ನು ಸ್ಥಾಪಿಸಿದವನೂ ಆತನೇ. ಆತನಿಗೆ ಸ್ವತಃ ಈ ರೋಗವಿತ್ತು. ಇನ್ನೊಬ್ಬಳು ಎಲಿಜಬೆತ್ ಸೆಗಾಲ್. ಅಂಗಡಿಯ ಯಾವ ಪದಾರ್ಥದಲ್ಲಿ ಗ್ಲೂಟೆನ್ ಇದೆ, ಯಾವುದರಲ್ಲಿಲ್ಲವೆಂಬ ಪಟ್ಟಿಗಳು ಇಂಥ ಸಂಘಗಳಿಂದ ಹೊರಟವು. 2008ರಲ್ಲಿ ಅಂತರರಾಷ್ಟ್ರೀಯ ಆಹಾರಸಂಹಿತೆಯು ‘ಗ್ಲೂಟೆನ್‌ರಹಿತ’ವೆನ್ನಲು ಕಿಲೋಗ್ರಾಮಿಗೆ 20 ಮಿಲಿಗ್ರಾಮಿನ ಮಿತಿಯನ್ನು ಗೊತ್ತುಮಾಡಿತು. ಎಂದರೆ ಐವತ್ತು ಸಾವಿರದಲ್ಲೊಂದು ಪಾಲು.

ಸಂಕಟವು ಅಡುಗೆಮನೆಗೆ ಮುಗಿಯಲಿಲ್ಲ. ಕ್ಯಾಥೊಲಿಕ್ ಆರಾಧನೆಯಲ್ಲಿ ಭಕ್ತರಿಗೆ ಕೊಡುವ ಪ್ರಸಾದವು ಗೋಧಿಯ ರೊಟ್ಟಿ. ಗ್ಲೂಟೆನ್ ಲೇಶವೂ ಇಲ್ಲದ ರೊಟ್ಟಿಯು ಸಂಸ್ಕಾರಕ್ಕೆ ಸಲ್ಲದು, ಅತ್ಯಲ್ಪವಾಗಿ ಉಳ್ಳದ್ದು ಸಲ್ಲುವುದೆಂದು ವ್ಯಾಟಿಕನ್ 2003ರಲ್ಲಿ ತಿಳಿಸಿತು. ರೊಟ್ಟಿಯನ್ನು ಬಿಟ್ಟು ದ್ರಾಕ್ಷಾರಸವನ್ನು ಮಾತ್ರ ಸ್ವೀಕರಿಸಲೂ ಆಸ್ಪದವಿದೆ. ನಮ್ಮಲ್ಲಿ ಸತ್ಯನಾರಾಯಣ ಪೂಜೆಯ ಸಪಾದಭಕ್ಷ್ಯವು ಗೋಧಿಯ ರವೆಯದು. ಪ್ರಸಾದವನ್ನು ನಿರಾಕರಿಸಬಾರದೆಂಬ ಕಥೆಯನ್ನು ಕೇಳಿದ ಕೂಡಲೇ ಮಗುವಿನ ಅಂಗೈಯನ್ನು ಹಿಂದಕ್ಕೆಳೆಯಬೇಕಾದ ತಾಯಿಯ ಸ್ಥಿತಿಯು ಊಹೆಗೆ ನಿಲುಕದ್ದಲ್ಲ.

ಭಾರತದ ವಿಷಯಕ್ಕೆ ಬಂದರೆ, ಇದು ಬಿಳಿಯರ ರೋಗವೆಂಬ ಭಾವನೆಯು ಬಹುಕಾಲ ಇಲ್ಲಿಯೂ ಬೇರೂರಿತ್ತು. ಭೇದಿಯಿಂದ ಸೊರಗಿದ ಮಗುವನ್ನು ಕಂಡರೆ ಪೋಷಣೆಯ ಕೊರತೆಯನ್ನೋ, ಕರುಳಿನ ಕ್ಷಯವನ್ನೋ, ಉಷ್ಣವಲಯದ ಸ್ಪ್ರೂ ರೋಗವನ್ನೋ ವೈದ್ಯರು ಊಹಿಸುತ್ತಿದ್ದರು. ಉತ್ತರ ಭಾರತದ ಮಕ್ಕಳಲ್ಲಿ ಸೀಲಿಯಾಕ್ ರೋಗವುಂಟೆಂಬ ವರದಿಯು ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ 1966ರಲ್ಲಿ ಬಂದಿತು. ಆ ಪ್ರಾಂತದಲ್ಲಿ ‘ಬೇಸಿಗೆಯ ಭೇದಿ’ ಎಂದು ಕರೆಯುತ್ತಿದ್ದ ವ್ಯಾಧಿಯಲ್ಲಿ ಒಂದಂಶವು ಇದೇ ಆಗಿದ್ದಿರಬೇಕೆಂದು ಕೆಲವು ವಿದ್ವಾಂಸರ ಮತ. ಚಳಿಗಾಲದಲ್ಲಿ ಮೆಕ್ಕೆಜೋಳದ ರೊಟ್ಟಿಯನ್ನು ತಿನ್ನುವವರು ಬೇಸಿಗೆಯಲ್ಲಿ ಗೋಧಿಗೆ ತಿರುಗುತ್ತಿದ್ದರು. ಲಂಡನ್ನಿನ ಆ ಮಗುವಿನ ಚಿಪ್ಪುಮಾಂಸದ ಋತುವನ್ನು ಇಲ್ಲಿ ನೆನೆಯಬಹುದು.

ದಕ್ಷಿಣದವರಿಗೆ ವಿಚಾರಯೋಗ್ಯವಾದ ಅಂಕಿಗಳು 2016ರಲ್ಲಿ ಪ್ರಕಟವಾದವು. ದೇಶದ ಮೂರು ಭಾಗಗಳಲ್ಲಿ 23,000ಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿದಾಗ ರೋಗವು ಉತ್ತರದಲ್ಲಿ ನೂರಕ್ಕೆ 1.23, ಈಶಾನ್ಯದಲ್ಲಿ 0.87, ದಕ್ಷಿಣದಲ್ಲಿ 0.10ರಂತೆ ಕಂಡುಬಂದಿತು. ದಕ್ಷಿಣದವರ ರಕ್ತವೇ ಬೇರೆಯೆಂದು ಇದರಿಂದ ತೀರ್ಮಾನಿಸುವುದು ಸಾಧ್ಯವಿಲ್ಲ. ಈ ರೋಗಕ್ಕೆ ಅವಕಾಶಕೊಡುವ ವಂಶಗುಣವು ಉತ್ತರದಲ್ಲಿ ನೂರಕ್ಕೆ 38ರಷ್ಟು ಜನರಲ್ಲಿದ್ದರೆ ದಕ್ಷಿಣದಲ್ಲಿಯೂ 36ರಷ್ಟು ಜನರಲ್ಲಿತ್ತು. ವ್ಯತ್ಯಾಸವಿದ್ದುದು ತಟ್ಟೆಯಲ್ಲಿ: ಒಬ್ಬರು ದಿನಕ್ಕೆ ತಿನ್ನುವ ಗೋಧಿಯು ಉತ್ತರದಲ್ಲಿ ಸುಮಾರು 455 ಗ್ರಾಂ, ದಕ್ಷಿಣದಲ್ಲಿ ಸುಮಾರು 25 ಗ್ರಾಂ. ಈಶಾನ್ಯದಲ್ಲಿ ಗೋಧಿಯು ಸುಮಾರು 37 ಗ್ರಾಂ ಮಾತ್ರವಿದ್ದೂ ರೋಗವು ಅಷ್ಟಿರುವುದರಿಂದ ತಟ್ಟೆಯೊಂದರಿಂದಲೇ ಎಲ್ಲವನ್ನೂ ವಿವರಿಸಲಾಗದು, ನಿಜ. ಆದರೂ ಅಕ್ಕಿ, ರಾಗಿ, ಜೋಳಗಳು ನಮ್ಮವರಲ್ಲಿ ಅನೇಕರನ್ನು ಅವರಿಗೇ ತಿಳಿಯದಂತೆ ಕಾಪಾಡಿಕೊಂಡು ಬಂದಿರಬಹುದೆಂಬ ಊಹೆಗೆ ಇಲ್ಲಿ ಸಾಕಷ್ಟು ಆಧಾರವಿದೆ. ಚಪಾತಿಯು ರಾತ್ರಿಯೂಟದ ನಿಯಮವಾಗುತ್ತಿರುವ ನಮ್ಮ ನಗರಗಳಲ್ಲಿ ಈ ಪ್ರಮಾಣವು ಹೀಗೆಯೇ ನಿಲ್ಲುವುದೆಂದು ನಂಬುವುದಕ್ಕೆ ಕಾರಣ ಕಾಣದು. ಖಪಲಿಯಂಥ ಹಳೆಯ ತಳಿಯ ಗೋಧಿಯಾದರೆ ಅಪಾಯವಿಲ್ಲವೆಂದು ಕೆಲವರು ಹೇಳುವುದುಂಟು. ಅದೂ ಗೋಧಿಯೇ, ಅದರಲ್ಲಿಯೂ ಗ್ಲೂಟೆನ್ ಇದೆ.

ಪಥ್ಯವನ್ನು ನಡೆಸುವುದಕ್ಕೆ ಕನ್ನಡನಾಡಿನ ಅಡುಗೆಯು ಹಾಲೆಂಡಿನ ಅಡುಗೆಗಿಂತ ಎಷ್ಟೋ ಸುಲಭ. ಮುದ್ದೆ, ಜೋಳದ ರೊಟ್ಟಿ, ಕಡುಬು, ಅಕ್ಕಿಯ ಶಾವಿಗೆ, ನವಣೆಯ ಅನ್ನ ಇವು ಯಾವುವಕ್ಕೂ ಗೋಧಿ ಬೇಡ. ತೊಡಕು ಎದುರಾಗುವುದು ಅನಿರೀಕ್ಷಿತವಾದ ಎಡೆಗಳಲ್ಲಿ. ಅಂಗಡಿಯಲ್ಲಿ ಸಿಕ್ಕುವ ಕಟ್ಟಿದ ಇಂಗಿಗೆ ಅನೇಕ ವೇಳೆ ಗೋಧಿಹಿಟ್ಟನ್ನೋ ಮೈದಾವನ್ನೋ ಬೆರೆಸಿರುತ್ತಾರೆ. ಆ ಇಂಗಿನ ಒಗ್ಗರಣೆ ಬಿದ್ದ ಸಾರು ಅನ್ನದೊಡನೆ ಹೊಟ್ಟೆ ಸೇರುತ್ತದೆ. ಹಿಟ್ಟಿನ ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿನಲ್ಲಿಯೇ ಜೋಳವನ್ನೂ ಬೀಸುತ್ತಾರೆ. ಮೊದಲು ಇಳಿಯುವ ಹಿಟ್ಟಿನಲ್ಲಿ ಹಿಂದಿನವರ ಗೋಧಿಯೂ ಇರುತ್ತದೆ. ಆದಕಾರಣ ಇಂಥ ಮನೆಗಳವರು ಕೂಡುಗಿರಣಿಯನ್ನು ಬಿಟ್ಟು, ತಮ್ಮ ಜೋಳವನ್ನೂ ರಾಗಿಯನ್ನೂ ಮನೆಯಲ್ಲಿಯೇ ಸಣ್ಣ ಯಂತ್ರದಲ್ಲಿಯೋ, ಮೂಲೆಗೆ ಸರಿದಿದ್ದ ಬೀಸುವ ಕಲ್ಲಿನಲ್ಲಿಯೋ ಬೀಸಿಕೊಳ್ಳಬೇಕಾಗುತ್ತದೆ.